ಅಕ್ಕಿ ಡಬ್ಬದ ಹಿಂದಿನ ಚಪ್ಪಲಿ

ಕೋಪರಖೈರಣೆ
ಭಾನುವಾರ, 14 ಜುಲೈ 2024

ಪ್ರೀತಿಯ ಅಮ್ಮನಿಗೆ,

ತನ್ವಿಯ ನಮಸ್ಕಾರ. ನಿನ್ನ ಎರಡು ಕಾಗದಗಳೂ ತಲುಪಿವೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪರೀಕ್ಷೆ ಇತ್ತು ಎಂದು ಸುಳ್ಳು ಬರೆಯಬಹುದಿತ್ತು, ಬರೆಯುವುದಿಲ್ಲ. ಕಾರಣ ಕೊನೆಗೆ ಹೇಳುತ್ತೇನೆ. ಕುಡಿತ ಬಿಡಿಸುವ ನಿಮ್ಮ ಕಲ್ಯಾಣದ ಕೇಂದ್ರದಲ್ಲಿ ಎಲ್ಲರ ಕಾಗದವನ್ನೂ ಮೊದಲು ಅಲ್ಲಿನವರೇ ಓದುತ್ತಾರಂತೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈಗ ಓದಲಿ ನೋಡೋಣ.

ಮುಂದಿನ ತಿಂಗಳು ನಿನ್ನನ್ನು ಮನೆಗೆ ಬಿಡುತ್ತಾರೆ, ಡೊಂಬಿವಲಿಯ ಮನೆ ಗುಡಿಸಿ ಒರೆಸಿ ನನಗಾಗಿ ಕಾಯುತ್ತೀ ಎಂದು ಬರೆದಿದ್ದೀ. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ನಾನಿಲ್ಲಿ ಚೆನ್ನಾಗಿದ್ದೇನೆ. ನೀನು ಹುಷಾರಾಗುವ ತನಕ ನನ್ನನ್ನು ನೋಡಿಕೊಳ್ಳಲು ಒಪ್ಪಿದ ಪ್ರಭಾ ಆಂಟಿ, ತಾರಾನಾಥ ಅಂಕಲ್ ಇಬ್ಬರೂ ಉಡುಪಿ ಕಡೆಯವರೇ. ರಬಾಳೆಯಲ್ಲಿ ಅಂಕಲ್‌ದು ಚಿಕ್ಕ ಹೊಟೇಲು. ಅಲ್ಲಿಂದ ಬನ್ಸ್ ತಂದು ತಂದು ತಿನ್ನಿಸಿ ನನ್ನ ಯೂನಿಫಾರ್ಮ್ ಬಿಗಿಯಾಗಿದೆ. ಆಂಟಿ ನನಗಾಗಿ ಪಾಯಸಕ್ಕೆ ಏಲಕ್ಕಿ ಹಾಕುವುದನ್ನು ಬಿಟ್ಟಿದ್ದಾರೆ. ಆ ವಾಸನೆ ನನಗೆ ಆಗುವುದಿಲ್ಲ ಎಂದಷ್ಟೇ ಹೇಳಿದ್ದೇನೆ. ಕುಡಿದು ಬಂದಾಗ ನೀನು ಏಲಕ್ಕಿ ಅಗಿಯುತ್ತಿದ್ದೆ ಎಂದು ಹೇಳಿಲ್ಲ.

ಒಂದು ತಮಾಷೆ ಕೇಳು. ಬಂದ ಹೊಸದರಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಈ ಮನೆಯಲ್ಲಿ ಚಪ್ಪಲಿಗಳು ಮಾಯವಾಗುತ್ತಿದ್ದವು. ಒಂದು ದಿನ ಅಂಕಲ್ ಬಚ್ಚಲಿನ ಸ್ಲಿಪ್ಪರ್ ಹಾಕಿಕೊಂಡೇ ಹೊಟೇಲಿಗೆ ಹೋದರು. ಕಡೆಗೆ ಆಂಟಿ ಪಾತ್ರೆ ತೊಳೆಯುವ ಚಂದ್ರಬಾಯಿಯನ್ನು ಗದರಿಸಿಬಿಟ್ಟರು. ‘ಮೀ ನಾಹೀ ಘೇತ್ಲೀ’, ನಾನು ತೆಗೆದುಕೊಂಡಿಲ್ಲ, ಎಂದು ಚಂದ್ರಬಾಯಿ ಅಳತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಅಕ್ಕಿ ಡಬ್ಬದ ಹಿಂದಿನಿಂದ ಎಲ್ಲರ ಚಪ್ಪಲಿಗಳನ್ನೂ ತಂದು ಮುಂದಿಟ್ಟೆ.

“ಎಂಥ ಮಾರಾಯ್ತಿ ಇದು, ನಾನು ಬರಿಗಾಲಲ್ಲಿ ಹೋಗ್ಲಿಕ್ಕುಂಟಾ?” ಎಂದು ಅಂಕಲ್ ನಕ್ಕರು. ನಾನು ನಗಲಿಲ್ಲ. “ಸಂಜೆ ಹೊರಗೆ ಹೋದವರು ಸರಿಯಾಗಿ ವಾಪಸ್ ಬರೂದಿಲ್ಲ” ಎಂದೆ. ಆಂಟಿ ಚಂದ್ರಬಾಯಿಯ ಕೈ ಹಿಡಿದು ತಪ್ಪಾಯಿತು ಎಂದರು, ಕೂರಿಸಿ ಚಹಾ ಕೊಟ್ಟರು.

ನಿನ್ನ ನೀಲಿ ಪಟ್ಟಿಯ ಚಪ್ಪಲಿಯನ್ನೂ ನಾನು ಹಾಗೆಯೇ ಅಡಗಿಸುತ್ತಿದ್ದೆನಲ್ಲ. ನೀನು ಹುಡುಕಿ ಹುಡುಕಿ ಸಿಟ್ಟಾಗುತ್ತಿದ್ದೆ, ಆಮೇಲೆ ಪಕ್ಕದ ಮನೆಯವರ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋಗುತ್ತಿದ್ದೆ. ನಾನು ಬಾಗಿಲಿಗೆ ಕಿವಿ ಕೊಟ್ಟು ಕೂರುತ್ತಿದ್ದೆ. ನೀನು ಮೆಟ್ಟಿಲು ಹತ್ತುವ ಸದ್ದಿನಲ್ಲೇ ಆ ದಿನ ಊಟ ಉಂಟೋ ಇಲ್ಲವೋ ಎಂದು ನನಗೆ ಗೊತ್ತಾಗುತ್ತಿತ್ತು.

ಆ ಗಲಾಟೆಯ ಮಾರನೆಯ ದಿನದಿಂದ ಆಂಟಿ ಹೊಸ ಕ್ರಮ ಶುರುಮಾಡಿದರು. ಹೊರಡುವ ಮೊದಲು ನನ್ನ ಹತ್ತಿರ ಬಂದು, “ಕರಿಬೇವು ಮುಗಿದುಂಟು, ತರ್ತೇನೆ. ಬಂದ ಮೇಲೆ ಚಪ್ಪಲಿ ನಿನ್ನ ಕೈಯಲ್ಲೇ ಕೊಡ್ತೇನೆ, ಬೇಕಾದ್ರೆ ಅಡಗಿಸಿಡು” ಎನ್ನುತ್ತಿದ್ದರು. ಹೋದರು, ಬಂದರು. ಮರುದಿನವೂ ಹೋದರು, ಬಂದರು. ನಾನು ಹತ್ತಿರ ಹೋಗಿ ವಾಸನೆ ನೋಡುತ್ತಿದ್ದೆ. ಕರಿಬೇವಿನದೇ ವಾಸನೆ. ಅವರು ಒಂದು ದಿನವೂ ಮುಖ ತಿರುಗಿಸಲಿಲ್ಲ.

ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ. ಕೈ ನಡುಗುವುದು ಕಡಿಮೆಯಾಗಿದೆ ಎಂದು ನಿನ್ನ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಅಕ್ಷರ ಚಂದ ಆಗಿದೆ, ಅಮ್ಮ. ದೇವರು ನಿನ್ನನ್ನು ಪೂರ್ತಿ ಹುಷಾರು ಮಾಡಲಿ. ನನಗೆ ಆಶೀರ್ವಾದ ಕಳಿಸು, ಜೊತೆಗೆ ಉತ್ತರವನ್ನೂ.

ನಿನ್ನ ಮಗಳು,
ತನ್ವಿ

ತಾ.ಕ.: ನನ್ನನ್ನು ಇಲ್ಲಿ ಇರಿಸಿದ ಮಕ್ಕಳ ಕಚೇರಿಯ ಮೇಡಂ ಬಂದಿದ್ದರು. ಕೇಂದ್ರದಿಂದ ನಿನ್ನನ್ನು ಮನೆಗೆ ಬಿಟ್ಟ ಕೂಡಲೇ ‘ಅಮ್ಮನ ಹತ್ತಿರ ಹೋಗುತ್ತೀಯಾ’ ಎಂದು ಕೇಳಿದರು. ಹೂಂ ಎನ್ನಬೇಕೆಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಆದರೆ ಬಾಯಿಂದ ಬಂದದ್ದು ‘ಇನ್ನೂ ಬೇಡ’ ಎಂದು. ಅವರು ಹಾಗೆಯೇ ಬರೆದುಕೊಂಡು ಹೋದರು. ಅವರಿಂದ ನಿನಗೆ ಗೊತ್ತಾಗುವ ಮೊದಲು ನಾನೇ ಹೇಳಬೇಕು ಅನಿಸಿತು. ಹೇಗೆ ಬರೆಯಲಿ ಎಂದೇ ಉತ್ತರ ತಡವಾದದ್ದು. ನಿನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ, ಅಮ್ಮ. ಇಲ್ಲಿ ಯಾರ ಚಪ್ಪಲಿಯನ್ನೂ ಅಡಗಿಸಿಡದೆ ನನಗೆ ನಿದ್ದೆ ಬರುತ್ತದೆ.