ಹಸಿರು ದಾರದ ಹುಲಿ

ಡಿ. 8, ಸೋಮವಾರ, ಬೆಳಿಗ್ಗೆ

ಪೂಜೆ ಆಯಿತು. ವಿಭೂತಿ ಮುಗಿಯುತ್ತ ಬಂದಿದೆ, ತರಿಸಬೇಕು. ಶಿವಕಾಂತ ಇನ್ನೂ ಎದ್ದಿಲ್ಲ. ತಂಗಿಯ ಮಗ, ಸಿಂಧನೂರಿಗೆ ಬಂದು ಹದಿನೈದು ದಿನವಾಯಿತು. ಕ್ಯಾಮೆರಾ ಹಿಡಿದು ಬೀದಿ ಸುತ್ತುವುದೇ ಕೆಲಸ. ಯಾವುದೋ ಫೋಟೋ ಸ್ಪರ್ಧೆಗೆ ಈ ಕಡೆ ಇಲ್ಲದ ಪ್ರಾಣಿಗಳು ಬೇಕಂತೆ, ಬೀದಿಯಲ್ಲೇ ಸಿಗಬೇಕಂತೆ. ಆಟೋ ಸೀಟಿನಲ್ಲಿ ಜೀಬ್ರಾ. ಮಸ್ಕಿಯ ಅಂಗಡಿ ಶಟರಿನ ಮೇಲೆ ಮೊಸಳೆ. ಗೊರೇಬಾಳದಲ್ಲಿ ಯಾರದೋ ಒಣಹಾಕಿದ ನೈಟಿಯ ಮೇಲೆ ಜಿರಾಫೆ. ಹೆಂಗಸರ ಬಟ್ಟೆ ಫೋಟೋ ಯಾಕೋ ಎಂದು ಬೈದೆ.

"ನೈಟಿ ಬಿಡು ದೊಡ್ಡವ್ವ, ಜಿರಾಫಿ ನೋಡು" ಅಂದ.

ಡಿ. 9, ಸಂಜೆ

ಲಿಂಗಸುಗೂರಿನ ಫೋಟೋ ತೋರಿಸಿದ. ಸಂತೆಯಲ್ಲಿ ನಿಂತ ಗೂಡ್ಸ್ ಗಾಡಿ. ಡ್ರೈವರ್ ಸೀಟಿನ ಮೇಲೆ ಹುಲಿಯ ರಗ್ಗು. ತೆರೆದ ಬಾಗಿಲಿಂದ ಹುಲಿ ಇಣುಕಿದ ಹಾಗಿದೆ. ಸ್ಪರ್ಧೆಗೆ ಇದನ್ನೇ ಕಳಿಸುತ್ತಾನಂತೆ.

ದೊಡ್ಡದು ಮಾಡು ಎಂದೆ. ಹುಲಿಯ ಎಡಗಣ್ಣಿನ ಕೆಳಗೆ ಹಸಿರು ದಾರ.

ನನ್ನ ಹೊಲಿಗೆ. ಊದಿನಕಡ್ಡಿ ಕಿಡಿ ಬಿದ್ದು ತೂತಾಗಿತ್ತು, ಹಳದಿ ದಾರ ಇರಲಿಲ್ಲ. ನಮ್ಮ ಮನೆಯವರ ರಗ್ಗು. ಕಿಡ್ನಿ ಹೋದ ಮೇಲೆ ಬೇಸಿಗೆಯಲ್ಲೂ ನಡುಗುತ್ತಿದ್ದರು. ಶಿವನಿಗೂ ಹುಲಿ, ನನಗೂ ಹುಲಿ ಎಂದು ನಗುತ್ತಿದ್ದರು.

ಗಾಡಿ ಮೈದುನ ದೊಡ್ಡಬಸಪ್ಪನದು. ಗಾಜಿನ ಮೇಲೆ ಅವನ ಮಕ್ಕಳ ಹೆಸರು.

ಜನವರಿಯಲ್ಲಿ ಇವರು ತೀರಿಕೊಂಡ ದಿನ ರಗ್ಗನ್ನು ಅವನ ಕೈಗೇ ಕೊಟ್ಟಿದ್ದೆ. ಕುಣಿಯಲ್ಲಿ ಕೂರಿಸಿದ ಮೇಲೆ ಹೊದಿಸು ಎಂದಿದ್ದೆ. ನಮ್ಮ ಮನೆತನದಲ್ಲಿ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಬಂದು ಹೇಳಿದ್ದ: "ಹೊದಿಸಿ ಬಂದೀನಿ ವೈನಿ. ಅಣ್ಣ ಬೆಚ್ಚಗ ಕುಂತಾನ."

ಆ ಒಂದು ಮಾತಿನ ಮೇಲೆ ಹನ್ನೊಂದು ತಿಂಗಳು ನಿದ್ದೆ ಮಾಡಿದೆ.

ಡಿ. 10

ಪೂಜೆಗೆ ಕೂತೆ. ಅಂಗೈಯ ಲಿಂಗ ನೋಡಿದರೂ ಮೈದುನನ ಮುಖವೇ ಕಾಣುತ್ತದೆ. ಎದ್ದುಬಿಟ್ಟೆ. ತಪ್ಪು. ಆದರೂ ಎದ್ದೆ.

ಡಿ. 12, ಸಂಜೆ

ಗುರುಗುಂಟಾಕ್ಕೆ, ಮೈದುನನ ಮನೆಗೆ ಹೋಗಿ ಬಂದೆ. ಶಿವಕಾಂತನೂ ಜೊತೆಗಿದ್ದ. ಇಂಥ ರಗ್ಗು ಊರ ತುಂಬ ಅದಾವ ಎಂದು ದೊಡ್ಡಬಸಪ್ಪ ಮೊದಲು ಸಾಧಿಸಿದ. ಫೋಟೋ ತೋರಿಸಿದೆ, ದಾರ ತೋರಿಸಿದೆ. ಅವನ ಹೆಂಡತಿ ಸೂಗಮ್ಮ ಚಹಾ ಇಟ್ಟಳು. ಮುಟ್ಟಲಿಲ್ಲ.

"ಹೊಸಾದರಂಗ ಇತ್ತು ವೈನಿ. ಮಣ್ಣಾಗ ಯಾಕ ಹಾಳು ಮಾಡೂದು ಅಂದೆ. ಸತ್ತವರಿಗೆ ಥಂಡಿ ಹತ್ತತೈತೇನು?"

"ನಿನ್ನ ಸೀಟಿಗೆ ಹತ್ತಿತ್ತೇನು?"

ಸೂಗಮ್ಮ ಹೊಸದು ಕೊಡಿಸುತ್ತೇವೆ ಅಂದಳು. ಇವಳಿಗೆ ಏನು ಹೇಳುವುದು… ನಾನೇ ಹೋಗಿ ಸೀಟಿನಿಂದ ಕಿತ್ತುಕೊಂಡೆ. ಡೀಸೆಲ್ ವಾಸನೆ, ಗುಟ್ಕಾ ಕಲೆ. ಹೆಗಲ ಮೇಲೆ ಹಾಕಿಕೊಂಡು ಬರುವಾಗ ಶಿವಕಾಂತ ಕ್ಯಾಮೆರಾ ಎತ್ತಿದ. ನಾನು ನೋಡಿದೆ. ಇಳಿಸಿದ.

ಬಸ್ಸಿನಲ್ಲಿ ಕೇಳಿದ, ಆ ಫೋಟೋ ಕಳಿಸಲೋ ಬೇಡವೋ ಎಂದು.

"ಕಳಿಸು. ಗಾಡಿ ನಂಬರ್ ಕಾಣಂಗ ಕಳಿಸು."

ಡಿ. 13

ಮೂರು ಸಲ ಒಗೆದೆ. ಗುಟ್ಕಾ ಕಲೆ ಹೋಗಲಿಲ್ಲ.

ಡಿ. 15, ಸೋಮವಾರ, ಬೆಳಿಗ್ಗೆ 6

ಇವತ್ತು ರುದ್ರಭೂಮಿಗೆ ನಾನೇ ಹೋಗುತ್ತೇನೆ. ಯಾರನ್ನೂ ಕೇಳುವುದಿಲ್ಲ. ಕೇಳಿ, ನಂಬಿ ಆಯಿತು.

ಕುಣಿ ಅಗೆಸಲು ಬರುವುದಿಲ್ಲ. ಮೇಲೆಯೇ ಹೊದಿಸಬೇಕು. ಇಡಿಯಾಗಿ ಹೊದಿಸಿದರೆ ನಾಳೆ ಮತ್ತೊಬ್ಬ ಒಯ್ಯುತ್ತಾನೆ. ಯಾರಿಗೂ ಬೇಡವಾಗುವ ಹಾಗೆ ಕತ್ತರಿಸುತ್ತಿದ್ದೇನೆ. ಬಾಲ ಆಯಿತು. ಕಾಲು, ಹೊಟ್ಟೆ ಆಯಿತು. ಮುಖ ಉಳಿದಿದೆ. ಕತ್ತರಿ ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. ಇಷ್ಟು ಒಗೆದರೂ ಹಸಿರು ದಾರ ಒಂದು ಎಳೆಯೂ ಬಿಟ್ಟಿಲ್ಲ. ಅವತ್ತು ಹೊಲಿಯುವಾಗ ಅವರು ಪಕ್ಕದಲ್ಲೇ ಕೂತು, ಸೂಜಿ ಕಣ್ಣಿಗೆ ಚುಚ್ಚಬೇಡ, ಹುಲಿಗೆ ನೋವಾಗ—