ಗ್ಯಾದರಿಂಗಿನಲ್ಲಿ ಆಗದ ನಾಟಕ

ಸತ್ತಿ, ಫೆಬ್ರುವರಿ ೧೯೯೧

ಮಾನ್ಯ ಪ್ರಾಚಾರ್ಯರಿಗೆ, ಬಿ.ಎ. ಕೊನೆಯ ವರ್ಷದ ಮಹಾನಂದಾ ಮಾಡುವ ನಮಸ್ಕಾರಗಳು.

ನಿನ್ನೆ ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ನಮ್ಮ ಹುಡುಗಿಯರ ನಾಟಕವಿತ್ತು. ಮುಖ್ಯ ಅತಿಥಿಗಳು ಸ್ತ್ರೀಶಿಕ್ಷಣದ ಬಗ್ಗೆ ಹೊತ್ತು ಮುಳುಗುವವರೆಗೂ ಮಾತಾಡಿದರು. ನಾವು ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ನಿಂತೇ ಇದ್ದೆವು. ಕೊನೆಗೆ ತಾವು ಬಂದು, "ಕತ್ತಲಾತು, ಹುಡುಗ್ಯಾರು ಮನಿ ಮುಟ್ಟಬೇಕು. ನಾಟಕ ಬ್ಯಾಡ" ಎಂದಿರಿ. ಹುಡುಗರ ಆರ್ಕೆಸ್ಟ್ರಾ ಮಾತ್ರ ಆಮೇಲೂ ನಡೆಯಿತು.

ನನ್ನ ಅವ್ವ ಕೆಂಚವ್ವ ಕಬ್ಬಿನ ಕೆಲಸ ಬಿಟ್ಟು ನಾಟಕ ನೋಡಲು ಬಂದಿದ್ದಳು. ನಾನು ಪಾತ್ರ ಮಾಡಲು ಹಟ ಹಿಡಿದು ಅಪ್ಪನನ್ನು ಒಪ್ಪಿಸಿದವಳೂ ಅವಳೇ. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಮುಖದ ಬಣ್ಣವನ್ನು ಸೆರಗಿನಿಂದ ಒರೆಸುತ್ತ, "ನೀ ಏನರ ತಪ್ಪ ಮಾಡಿರಬೇಕು, ಅದಕ್ಕ ಸರ್ ಬ್ಯಾಡಂದಾರ" ಎಂದಳು. ಅತಿಥಿಗಳ ಭಾಷಣ ಉದ್ದವಾಯಿತೆಂದು ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದಳು.

"ಮುಂದಿನ ವರ್ಷ ಮಾಡ್ರಿ" ಎಂದು ತಾವು ಹೇಳಿದ್ದೀರಿ. ನನಗೆ ಮೇ ತಿಂಗಳಲ್ಲಿ ಮದುವೆ, ಸರ್.

ಈ ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಸಭಾಂಗಣದ ಕೀಲಿ ಕೊಡಿಸಿರಿ, ನಾವು ಆ ನಾಟಕ ಆಡುತ್ತೇವೆ. ಮೈಕು, ಹಾರ, ಅತಿಥಿ ಯಾವುದೂ ಬೇಡ. ಅವ್ವನನ್ನು ಕರೆತರುತ್ತೇನೆ. ತಾವೂ ಬಂದು ಆಕೆಗೆ ನಡೆದದ್ದನ್ನು ಹೇಳಬೇಕು. ನಾನು ಹೇಳಿದರೆ ನಂಬುವುದಿಲ್ಲ.

ತಮ್ಮ ವಿದ್ಯಾರ್ಥಿನಿ,
ಮಹಾನಂದಾ