ತಂಗಿಯನ್ನು ಬೈಯದ ದಿನ

ಮಂಗಳವಾರ, ಹನ್ನೊಂದನೇ ತಾರೀಖು.

ಮನಸ್ಸು ಕುಗ್ಗಿದ್ದಕ್ಕೆ ಕೊಟ್ಟ ಮಾತ್ರೆ ಶುರುವಾಗಿ ಎರಡು ತಿಂಗಳು. ನಿದ್ದೆ ಬರುತ್ತದೆ, ಸುಮ್ಮಸುಮ್ಮನೆ ಅಳು ಉಕ್ಕುವುದು ನಿಂತಿದೆ. ಮೊದಮೊದಲಿನ ಓಕರಿಕೆಯೂ ಹೋಯಿತು, ಬಾಯಿ ಒಣಗುವುದೊಂದು ಉಳಿದಿದೆ.

ಬೆಳಿಗ್ಗೆ ತಂಗಿ ಫೋನ್ ಮಾಡಿ, ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡೆ ಎಂದಳು. "ಹೌದಾ, ಹುಷಾರು" ಎಂದೆ.

"ಅಕ್ಕಾ, ಬೈಯಲ್ವೇನೇ? ಕಣ್ಣೇನು ನೆತ್ತಿ ಮೇಲಿತ್ತಾ ಅಂತ ಕೇಳಲ್ವಾ?" ಎಂದು ನಕ್ಕಳು.

ಬೈದೆ. ಪಾಠ ಒಪ್ಪಿಸಿದ ಹಾಗಿತ್ತು. ಅವಳ ನಗು ನಿಂತಿತು. "ಇಡ್ತೀನಿ ಕಣೇ" ಎಂದಳು. ಅಮ್ಮ ಹೋದಮೇಲೆ ಅವಳನ್ನು ಸಾಕಿದವಳು ನಾನು. ಸಂಕಟ ಆಗಬೇಕಿತ್ತು. ಆಗಲಿಲ್ಲ.

ಮಾತ್ರೆ ಬಿಟ್ಟುಬಿಡಲೇ ಎನ್ನಿಸಿತು. ಆದರೆ ಒಮ್ಮೆಲೇ ಬಿಡಬಾರದೆಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಹಾಸಿಗೆಯಿಂದ ಏಳಲಾಗದ ಆ ದಿನಗಳೂ ಬೇಡ. ಹೋದ ಸಲ ಅವರು "ಹೇಗಿದ್ದೀರಿ?" ಎಂದಾಗ ಅಭ್ಯಾಸಬಲದಿಂದ "ಆರಾಮ" ಎಂದುಬಿಟ್ಟೆ, ಅವರು ಹಾಗೇ ಬರೆದುಕೊಂಡರು. ತಪ್ಪು ನನ್ನದೇ. ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಮನಸ್ಸು ಹಾಗಾಗಿದೆ. ನೋವೂ ಇಲ್ಲ, ನೆಲವೂ ತಿಳಿಯುತ್ತಿಲ್ಲ. ಗುರುವಾರ ಡಾಕ್ಟರಮ್ಮನಲ್ಲಿಗೆ ಹೋದಾಗ ಹೀಗೇ ಹೇಳಬೇಕು.

ಇವತ್ತಿನ ಮಾತ್ರೆ ನುಂಗಿದೆ. ತಂಗಿಗೆ ನಾಲ್ಕು ಸಾಲು ಬರೆಯೋಣವೆಂದು ಕೂತೆ. ಯಾವ ಕೈ ಮುರಿದದ್ದು ಎಂದು ಕೇಳಲೇ ಇಲ್ಲವಲ್ಲ ನಾನು, ಬಲಗೈಯೋ ಎಡಗೈಯೋ? ಮೊದಲು ಅದನ್ನೇ ಕೇಳಿ ಬರೆಯಬೇಕು.